ನಾಯಿ ಕಡೆಯ ನೆಂಟರು

ಡ್ರೈವರ್ ಆ ಮನೆಗೆ ಬರುತ್ತಿದ್ದದ್ದು ನಾಯಿಯನ್ನು ನೋಡುವುದಕ್ಕೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರೂ ಒಪ್ಪಿಕೊಂಡಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಅವಳು ಪ್ರಾಣಿಗಳ ಆಂಬುಲೆನ್ಸನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ, ಅಂಗಿಗೆ ಅಂಟಿದ ಕೂದಲನ್ನು ಕೊಡವಿಕೊಂಡು, ಮನೆಯ ಮುಂಭಾಗದಲ್ಲಿದ್ದ ಅವರದೇ ಲಾಂಡ್ರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಳಗಿನಿಂದ ಕುರುಡು ನಾಯಿ ಗೋಡೆಗೆ ಮೈ ಉಜ್ಜುತ್ತ ಬಂದು ಅವಳ ಮಡಿಲಿಗೆ ಮೂತಿ ಇಡುತ್ತಿತ್ತು. ಅದರ ಹಿಂದೆಯೇ ಎರಡು ಲೋಟ ಚಹಾ ಹಿಡಿದು ಆ ಮನೆಯ ಮಗಳು ಬರುತ್ತಿದ್ದಳು.

ನಾಯಿಯ ಹೆಸರು ಮುದುಕಿ. ರಸ್ತೆಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅದನ್ನು ಡ್ರೈವರ್ ಎತ್ತಿ ತಂದಿದ್ದಳು. ಅವಳ ಬಾಡಿಗೆ ಕೋಣೆಯಲ್ಲಿ ನಾಯಿ ಸಾಕುವ ಹಾಗಿರಲಿಲ್ಲ. ‘ಎರಡು ದಿನ ಇಟ್ಕೊಳ್ಳಿ’ ಎಂದು ಇಲ್ಲಿ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಈಗ ಅದು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಮಲಗುತ್ತಿತ್ತು, ಅಜ್ಜಿಯ ತಟ್ಟೆಯಿಂದಲೇ ತಿನ್ನುತ್ತಿತ್ತು. ‘ಮುದುಕಿಗೆ ಊಟ ಆಯ್ತಾ?’ ಎಂದು ಯಾರಾದರೂ ಕೇಳಿದರೆ ಅಜ್ಜಿ, ‘ಯಾವ ಮುದುಕಿಗೆ? ನಂಗಂತೂ ಇನ್ನೂ ಇಲ್ಲ’ ಎನ್ನುತ್ತಿದ್ದಳು.

ನಾಯಿ ಒಳಗೆ, ಅದನ್ನು ತಂದವಳು ಮೆಟ್ಟಿಲ ಮೇಲೆ. ಮಳೆ ಬಂದರೆ ಡ್ರೈವರ್ ಶಟರಿನ ಕೆಳಗೆ ಒಂದು ಹೆಜ್ಜೆ ಸರಿಯುತ್ತಿದ್ದಳು, ಅಷ್ಟೇ.

ಮಗಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಊಟದ ಹೊತ್ತಿಗೆ ಮದುವೆಯ ಮಾತೆದ್ದಾಗ, ‘ನಾನು ಯಾರ ಜೊತೆಗಾದ್ರೂ ಬದುಕು ಮಾಡೋದಾದ್ರೆ ಡ್ರೈವರ್ ಜೊತೆ. ಗಂಡಸಿನ ಜೊತೆ ಅಲ್ಲ. ಈ ಮಾತು ಇಲ್ಲಿಗೆ ಮುಗೀಲಿ’ ಎಂದಿದ್ದಳು. ಅಮ್ಮ ಎದ್ದು ಎಲ್ಲರ ಲೋಟಕ್ಕೂ ನೀರು ಹಾಕಿದಳು. ಅಪ್ಪ, ‘ನೋಡೋಣ’ ಎಂದ.

ಅಪ್ಪ ಎಲ್ಲದಕ್ಕೂ ‘ನೋಡೋಣ’ ಎನ್ನುವವನೇ. ಗಿರಾಕಿ ಬಿಳಿ ಅಂಗಿಗೆ ಎಣ್ಣೆ ಚೆಲ್ಲಿಕೊಂಡು ಬಂದು ‘ಇದು ಹೋಗುತ್ತಾ?’ ಎಂದರೂ ಅದೇ ಮಾತು. ಹೋಗುತ್ತೆ ಎನ್ನುತ್ತಿರಲಿಲ್ಲ, ಹೋಗಲ್ಲ ಎನ್ನುತ್ತಿರಲಿಲ್ಲ. ಹೋದರೆ ಒಗೆದವನ ಕೈಗುಣ, ಹೋಗದಿದ್ದರೆ ಬಟ್ಟೆಯ ಹಣೆಬರಹ.

ಈಗ ಆ ‘ನೋಡೋಣ’ಕ್ಕೆ ಗಡುವು ಬಂದಿತ್ತು. ಡ್ರೈವರ್ ಇದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರಂತೆ, ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಂತೆ.

‘ನಮ್ಮ ಹಿಂದಿನ ಕೋಣೆ ಖಾಲಿ ಇದೆಯಲ್ಲ,’ ಎಂದಳು ಮಗಳು. ಅಪ್ಪ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ.

‘ಖಾಲಿ ಎಲ್ಲಿದೆ? ಸೋಪಿನ ಮೂಟೆ ಇದೆ, ಕೆಟ್ಟ ಮೆಷಿನ್ನಿದೆ,’ ಎಂದಳು ಅಮ್ಮ.

‘ಸೋಪಿನ ಮೂಟೆ ಬಾಡಿಗೆ ಕೊಡ್ತಿದೆಯಾ?’

‘ಕೊಂಕು ಮಾತಾಡ್ಬೇಡ.’

‘ನಾಯಿ ಇರ್ಬಹುದು, ಅದನ್ನ ತಂದವಳು ಇರೋ ಹಾಗಿಲ್ಲ. ಇದು ಯಾವ ನ್ಯಾಯ?’

ಉತ್ತರ ಕೊಟ್ಟದ್ದು ಅಜ್ಜಿ. ‘ನಾಯಿ ಮಾತಾಡಲ್ಲ ಕಣೇ. ಅವಳು ಬಂದ್ರೆ ಮಾತಾಡ್ತಾಳೆ, ಆಮೇಲೆ ನಾವೂ ಮಾತಾಡ್ಬೇಕು. ಈ ಮನೇಲಿ ಆ ಅಭ್ಯಾಸ ಯಾರಿಗಿದೆ ಹೇಳು?’

‘ಅಪ್ಪ?’

‘ನೋಡೋಣ. ಮೊದಲು ನಿನ್ನ ಆ ಪ್ರದರ್ಶನ ಮುಗೀಲಿ.’

‘ಮುಗಿದ ದಿನ ಹೇಳ್ಬೇಕು. ಇರು ಅಂತಲೋ ಬೇಡ ಅಂತಲೋ. ಬೇಡ ಅಂದ್ರೆ ಅವಳ ಜೊತೆ ನಾನೂ ಹೋಗ್ತೀನಿ.’

ಅಪ್ಪ ಮೊಟ್ಟೆಯನ್ನು ಅರ್ಧಕ್ಕೆ ಕತ್ತರಿಸಿ, ಒಂದು ಭಾಗವನ್ನು ಅಜ್ಜಿಯ ತಟ್ಟೆಗೆ ಹಾಕಿದ. ‘ಇಸ್ತ್ರಿ ಯಾರು ಮಾಡ್ತಾರೆ?’ ಎಂದ. ಅವನ ಬಲಗೈ ಮಣಿಕಟ್ಟು ಕೆಟ್ಟು ವರ್ಷವಾಗಿತ್ತು. ಅಂಗಡಿಯ ಇಸ್ತ್ರಿಯೆಲ್ಲ ಮಗಳ ಕೈಯಲ್ಲೇ ನಡೆಯುತ್ತಿತ್ತು. ಅವಳು ಕಲಾ ಕಾಲೇಜು ಮುಗಿಸಿ ಬಂದು ಮಾಡುತ್ತಿದ್ದ ಕೆಲಸ ಅದು. ಅಜ್ಜಿ ಆಗಾಗ, ‘ಅಷ್ಟು ಓದಿ ಕಾಲರ್ ತಿದ್ದೋದು ಕಲಿತ್ಲು’ ಎನ್ನುತ್ತಿದ್ದಳು.

ಪ್ರದರ್ಶನಕ್ಕೆ ಜಾಗ ಸಿಕ್ಕಿದ್ದು ಊರಂಚಿನ ಒಂದು ಹಳೆಯ ಗೋದಾಮಿನಲ್ಲಿ. ಹಣ್ಣು ಇಡುತ್ತಿದ್ದ ಕಟ್ಟಡ, ಈಗ ಕಲಾವಿದರ ಗುಂಪೊಂದು ನಡೆಸುತ್ತಿತ್ತು. ಅಲ್ಲಿ ಏನು ತೋರಿಸುತ್ತೀಯ ಎಂದು ಮನೆಯಲ್ಲಿ ಕೇಳಿದ್ದು ಅಜ್ಜಿ ಒಬ್ಬಳೇ. ಒಂದು ಮಧ್ಯಾಹ್ನ, ಹಿಂದೆ ಮೆಷಿನ್ನು ಗಡಗಡ ತಿರುಗುತ್ತಿದ್ದಾಗ.

‘ಚಿತ್ರ ತೂಗುಹಾಕ್ತೀಯಾ?’

‘ಚಿತ್ರ ಅಲ್ಲ ಅಜ್ಜಿ. ಒಂದು ಕತ್ತಲೆ ಕೋಣೆ. ಅದಕ್ಕೆ ಬಟ್ಟೆಯ ಚಾವಣಿ, ಇಷ್ಟೇ ಎತ್ತರ.’ ಸೊಂಟದ ಕೆಳಗೆ ಕೈ ತೋರಿಸಿದಳು. ‘ನಿಂತ್ಕೊಂಡು ಹೋಗೋಕಾಗಲ್ಲ. ಮುದುಕಿ ಥರ ನಾಲ್ಕು ಕಾಲಲ್ಲಿ ಹೋಗ್ಬೇಕು. ನೆಲದ ತುಂಬ ಹಾಸಿಗೆ. ನಾನು ಹೊದ್ದಿದ್ದು, ಡ್ರೈವರ್ ಹೊದ್ದಿದ್ದು, ಇವಳು ಮಲಗಿದ್ದು, ಆಂಬುಲೆನ್ಸಲ್ಲಿ ಪ್ರಾಣಿಗಳನ್ನ ಮಲಗಿಸಿದ್ದು, ಎಲ್ಲಾ ಒತ್ತೊತ್ತಾಗಿ ಹಾಸ್ತೀನಿ, ಕೆಲವನ್ನ ಸೇರಿಸಿ ಹೊಲಿದಿದ್ದೀನಿ. ಕತ್ತಲಲ್ಲಿ ವಾಸನೆ ಬಿಟ್ರೆ ಬೇರೇನೂ ತಿಳಿಯಲ್ಲ. ಯಾವುದು ಮನುಷ್ಯರದು, ಯಾವುದು ಪ್ರಾಣೀದು, ಯಾರು ಯಾರಿಗೆ ಏನಾಗ್ಬೇಕು, ಎಲ್ಲಾ ಮೂಸಿನೇ ತಿಳ್ಕೋಬೇಕು.’

ಅಜ್ಜಿ, ‘ಅದಕ್ಕೆ ಗೋದಾಮಿಗೆ ಯಾಕೆ ಹೋಗ್ಬೇಕು? ನನ್ನ ಮಂಚದ ಕೆಳಗೆ ನುಗ್ಗಿದ್ರೆ ಸಾಕು’ ಎಂದಳು.

ಅಮ್ಮನಿಗೆ ಮಗಳು ಇದನ್ನು ಹೇಳಿರಲಿಲ್ಲ. ಹೇಳಲು ಎರಡು ಸಲ ಹೋಗಿದ್ದಳು. ‘ಅಮ್ಮ, ಆ ಪ್ರದರ್ಶನದಲ್ಲಿ ನಾನೂ ಡ್ರೈವರೂ’ ಎನ್ನುವಷ್ಟರಲ್ಲಿ ಅಮ್ಮನಿಗೆ ಹಗ್ಗದ ಮೇಲಿನ ಬಟ್ಟೆ ನೆನಪಾಗುತ್ತಿತ್ತು. ಡ್ರೈವರ್ ಎಂಬ ಮಾತು ಬಂದ ಕೂಡಲೆ ಅವಳಿಗೆ ಏನಾದರೊಂದು ಕೆಲಸ ನೆನಪಾಗುವುದು ಹೊಸದೇನಲ್ಲ. ಕೊನೆಗೆ ಮಗಳು, ‘ಹಾಸಿಗೆ ಹಾಸ್ತೀನಿ ಅಲ್ಲಿ, ಅಷ್ಟೇ’ ಎಂದು ಬಿಟ್ಟಿದ್ದಳು.

ಒಂದು ವರ್ಷ ಕೂಡಿಟ್ಟ ಆ ಹಾಸಿಗೆ ಕಂಬಳಿಗಳು ಹಿಂದಿನ ಕೋಣೆಯಲ್ಲಿ, ಬಾಯಿ ಕಟ್ಟಿದ ಚೀಲಗಳಲ್ಲಿದ್ದವು. ಮಗಳು ಚಾವಣಿಯ ಪೈಪು ಜೋಡಿಸಲು ಎರಡು ದಿನ ಗೋದಾಮಿನಲ್ಲೇ ಇದ್ದಾಗ ಅಮ್ಮ ಆ ಕೋಣೆಗೆ ಹೋದಳು. ಹೋದದ್ದು ಬೇರೆ ಕಾರಣಕ್ಕೆ. ಸೋಪಿನ ಮೂಟೆಗಳನ್ನು ಒಂದರ ಮೇಲೊಂದು ಏರಿಸಿದರೆ, ಕೆಟ್ಟ ಮೆಷಿನ್ನನ್ನು ಗುಜರಿಗೆ ಕೊಟ್ಟರೆ, ಕಿಟಕಿಯ ಪಕ್ಕ ಒಂದು ಮಂಚ ಹಿಡಿಯುತ್ತದೆಯೇ ಎಂದು ಅವಳು ಕೈಯಲ್ಲಿ ಗೇಣು ಹಾಕಿ ನೋಡಿದಳು. ಹಿಡಿಯುತ್ತಿತ್ತು. ಆಗ ಚೀಲಗಳು ಕಾಲಿಗೆ ತಗುಲಿದವು. ಬಿಚ್ಚಿದಳು. ಗಬ್ಬೆಂದು ವಾಸನೆ ಮೂಗಿಗೆ ಹೊಡೆಯಿತು.

‘ರೀ, ಇಲ್ಲಿ ಬನ್ನಿ,’ ಎಂದು ಗಂಡನನ್ನು ಕರೆದಳು. ‘ಇದನ್ನ ಹಾಗೇ ಹಾಸಿ ಜನಕ್ಕೆ ತೋರಿಸ್ತಾಳಂತೆ. ಲಾಂಡ್ರಿಯವರ ಮಗಳು!’

‘ಟೈಮ್ ಸಿಕ್ಕಿಲ್ಲ ಅನ್ಸುತ್ತೆ.’

‘ಟೈಮ್ ಎಲ್ಲಿದೆ ಅವಳಿಗೆ, ಹಗಲೆಲ್ಲಾ ನಿಮ್ಮ ಇಸ್ತ್ರಿ. ಎತ್ತಿ ಆ ಕಡೆ.’

ಅಪ್ಪ ಎಡಗೈಯಲ್ಲಿ ಎಳೆದು ತೊಟ್ಟಿಯವರೆಗೆ ತಂದುಕೊಟ್ಟ. ಅಮ್ಮ ಅವತ್ತು ಗಿರಾಕಿಗಳ ಬಟ್ಟೆ ಮುಟ್ಟಲಿಲ್ಲ. ಮೆಷಿನ್ನಿಗೆ ಹಾಕಿದರೆ ಹೊಲಿಗೆ ಬಿಡುತ್ತದೆಂದು ಕೈಯಲ್ಲೇ ಒಗೆದಳು. ಹೊರಗಿನವರ ಬಟ್ಟೆಗೆ ಕಟ್ಟುವ ನಂಬರಿನ ಚೀಟಿಯನ್ನು ಯಾವುದಕ್ಕೂ ಕಟ್ಟಲಿಲ್ಲ. ಡ್ರೈವರ್ ಹಣ ಕೊಟ್ಟು ಒಗೆಸುತ್ತಿದ್ದ ಅಂಗಿಗಳಿಗೆ ಈ ನಾಲ್ಕು ವರ್ಷವೂ ಚೀಟಿ ಇರುತ್ತಿತ್ತು. ಅವುಗಳಲ್ಲೇ ಎರಡು ಅಂಗಿ ಈಗ ರಜಾಯಿಯೊಂದಕ್ಕೆ ಸೇರಿಸಿ ಹೊಲಿದದ್ದು ಅಮ್ಮನ ಕೈಗೆ ಬಂದಾಗ ಅವಳು ಗುರುತು ಹಿಡಿದಳು. ಕಾಲರನ್ನು ಎರಡು ಸಲ ಉಜ್ಜಿದಳು. ಮಾಳಿಗೆಯ ಹಗ್ಗ ಸಾಲದೆ ಗೋಡೆಯ ಮೇಲೂ ಹರವಿದಳು. ಎರಡನೆಯ ದಿನ ಇಸ್ತ್ರಿಯನ್ನೂ ಮಾಡಿಟ್ಟಳು.

‘ನಮ್ಮಲ್ಲಿಂದ ಹೋದ ಬಟ್ಟೆ ಯಾರದು ಅಂತ ನಾಯಿಗೂ ಗೊತ್ತಾಗ್ಬಾರದು’ ಎಂದು ಅಪ್ಪ ಹೊಸ ಗಿರಾಕಿಗಳಿಗೆ ಹೇಳುವುದಿತ್ತು. ಅಮ್ಮ ಆ ಮಾತನ್ನು ಅಕ್ಷರಶಃ ನಡೆಸಿದ್ದಳು.

ಮಗಳು ಸಂಜೆ ಬಂದಾಗ ಇಸ್ತ್ರಿ ಮೇಜಿನ ಮೇಲೆ ಮಡಿಕೆಗಳು ಎದೆಯೆತ್ತರಕ್ಕಿದ್ದವು. ಅಮ್ಮ ಪಕ್ಕದಲ್ಲಿ ನಿಂತಿದ್ದಳು.

‘ನೋಡು. ಈ ಬೂದು ಕಂಬಳೀಲಿ ರಕ್ತದ ಕಲೆ ಇತ್ತು. ಹಳೇದು, ಗಟ್ಟಿಯಾಗಿಬಿಟ್ಟಿತ್ತು. ಬೇರೆಯವರಾಗಿದ್ರೆ ಬಿಸಿನೀರು ಸುರಿದು ಕೂರಿಸಿಬಿಡ್ತಿದ್ರು. ನಾನು ತಣ್ಣೀರು, ಉಪ್ಪು. ಈಗ ಎಲ್ಲಿತ್ತು ಅಂತ ತೋರಿಸು ನೋಡೋಣ.’

ಮಗಳು ಕಂಬಳಿಯನ್ನು ಮುಖಕ್ಕೆ ಒತ್ತಿಕೊಂಡಳು. ಇನ್ನೊಂದನ್ನು ಎತ್ತಿ ಮೂಸಿದಳು. ಆಮೇಲೆ ಮತ್ತೊಂದು. ಸೋಪು, ಬಿಸಿಲು. ಎಲ್ಲದರಲ್ಲೂ ಅದೇ.

‘ಒಗೀ ಅಂತ ಯಾರು ಹೇಳಿದ್ರು?’

‘ಯಾರು ಹೇಳ್ಬೇಕು?’

‘ಒಂದು ವರ್ಷ ಕೂಡಿಟ್ಟಿದ್ದೆ ಅಮ್ಮ.’

‘ಒಂದು ವರ್ಷದ ಕೊಳೆ ಅಂತ ನನ್ನ ಕೈಗೂ ಗೊತ್ತಾಯ್ತು.’

‘ಅದೇ ಬೇಕಿತ್ತು. ಆ ಕೊಳೇನೇ ತೋರಿಸಬೇಕಿತ್ತು. ಆ ವಾಸನೇನೇ ಪ್ರದರ್ಶನ!’ ಮಗಳು ಮಡಿಕೆಯನ್ನು ಎರಡೂ ಕೈಯಲ್ಲಿ ತಳ್ಳಿದಳು. ಹೊದಿಕೆಗಳು ಒಂದೊಂದಾಗಿ ನೆಲಕ್ಕೆ ಜಾರಿದವು. ‘ಕೇಳ್ಬಾರದಿತ್ತಾ? ಒಂದು ಮಾತು?’

‘ನೀನು ಹೇಳಿದ್ಯಾ?’

‘ಹೇಳೋಕೆ ಬಿಟ್ಟಿದ್ಯಾ ನೀನು?’

ಅಮ್ಮ ಬಗ್ಗಿ ಬಿದ್ದದ್ದನ್ನು ಎತ್ತಿ ಮತ್ತೆ ಮಡಿಸತೊಡಗಿದಳು. ಸೋಪಿನ ನೀರಿನಲ್ಲಿ ನೆನೆದು ಅವಳ ಬೆರಳ ತುದಿಗಳು ಇನ್ನೂ ಸುಕ್ಕಾಗಿದ್ದವು. ಹಿಂದಿನ ಕೋಣೆಗೆ ತಾನು ಹೋಗಿದ್ದು ಯಾಕೆಂದು ಅವಳು ಆಗ ಹೇಳಬಹುದಿತ್ತು. ಹೇಳಲಿಲ್ಲ.

ಡ್ರೈವರ್ ಬಂದು ಮೆಟ್ಟಿಲ ಮೇಲೆ ಕೂತಾಗ ಮಗಳು ಚಹಾದ ಬದಲು ಬೂದು ಕಂಬಳಿ ತಂದು ಕೊಟ್ಟಳು. ಡ್ರೈವರ್ ಮೂಸಿದಳು, ಅಂಗೈಯಿಂದ ಸವರಿದಳು. ಅಮ್ಮ ಶಟರಿನ ಪಕ್ಕ ಬಂದು ನಿಂತಿದ್ದಳು.

‘ಇದರ ಮೇಲೆ ಒಂದು ಕುದುರೆ ಸತ್ತಿತ್ತು ಆಂಟಿ,’ ಎಂದಳು ಡ್ರೈವರ್. ‘ದಾರೀಲೇ, ಗಾಡಿ ನಿಲ್ಲಿಸಿ ಹಿಂದೆ ಹೋಗಿ ಕೂತಿದ್ದೆ. ಅದರ ತಲೆ ನನ್ನ ತೊಡೆ ಮೇಲಿತ್ತು.’ ಆಮೇಲೆ ಕಂಬಳಿಯನ್ನು ಅದೇ ಗೆರೆಗೆ ಮಡಿಸಿ, ‘ಕಲೆ ಚೆನ್ನಾಗಿ ಹೋಗಿದೆ’ ಎಂದಳು.

ಅವಳು ಬೈದಿದ್ದರೆ ಅಮ್ಮನಿಗೆ ಸುಲಭವಾಗುತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಮಗಳು ತಟ್ಟೆ ಮುಟ್ಟದೆ ಅಪ್ಪನ ಕಡೆ ತಿರುಗಿದಳು. ‘ಅಂಗಡೀಲಿ ಬೋರ್ಡ್ ಹಾಕಿದ್ದೀರಲ್ಲ, ನಮ್ಮಿಂದ ಹಾಳಾದ ಬಟ್ಟೆ ನಾವೇ ಸರಿಮಾಡಿ ಕೊಡ್ತೀವಿ ಅಂತ.’

‘ಹೂಂ.’

‘ಸರಿಮಾಡಿ ಕೊಡಿ.’

‘ಕೊಳೆ ತೆಗೆಯೋದು ನಮ್ಮ ಕೆಲಸ. ಕೊಳೆ ಹಾಕೋದು ಹೇಗೆ?’

‘ಮಲಗಿ. ಬೇರೆ ದಾರಿ ಇಲ್ಲ. ಪ್ರಾಣಿಗಳದು ಹೋಯ್ತು, ಅವು ವಾಪಸ್ ಬರಲ್ಲ. ನಮ್ಮದಾದ್ರೂ ಬರ್ಲಿ. ಅವಳು, ನಾನು, ಮುದುಕಿ, ಪ್ರದರ್ಶನದ ತನಕ ಅದರ ಮೇಲೇ ಮಲಗ್ತೀವಿ. ಅವಳ ಕೋಣೆಗೆ ನಾಯಿ ಬಿಡಲ್ಲ. ಇಲ್ಲೇ, ಮುಂದಿನ ಕೋಣೇಲಿ.’

ಅಪ್ಪ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದ. ಅಮ್ಮ ತಲೆ ತಗ್ಗಿಸಿದ್ದಳು.

‘ಮಾಡಿದ್ದುಣ್ಣೋ ಮಾರಾಯ,’ ಎಂದು ಅಜ್ಜಿ ನಾಯಿಯ ಬಾಯಿಗೆ ಅನ್ನದ ಉಂಡೆ ಇಟ್ಟಳು.

‘ಅಂಗಡಿ ತೆಗೆಯೋ ಹೊತ್ತಿಗೆ ಎದ್ದಿರಬೇಕು,’ ಎಂದ ಅಪ್ಪ.

ಹೀಗೆ ಡ್ರೈವರ್ ಒಳಗೆ ಬಂದಳು. ನೆಂಟಳಾಗಿ ಅಲ್ಲ, ರಿಪೇರಿ ಕೆಲಸವಾಗಿ.

ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ ಹಾಸಿಗೆ ಹಾಸುತ್ತಿದ್ದರು. ಬೆಳಗ್ಗೆ ಅಪ್ಪ ಶಟರ್ ಎತ್ತಲು ಬಂದರೆ ನೆಲದಲ್ಲಿ ಮೂರು ತಲೆ. ನಾಯಿ ನಡುವೆ, ಅದರ ಬೆನ್ನ ಮೇಲೆ ಇಬ್ಬರ ಕೈ. ಮೊದಲ ದಿನ ಅವನು ಬಾಗಿಲಲ್ಲೇ ತಿರುಗಿ ಅಡುಗೆಮನೆಗೆ ಹೋಗಿ, ಬೇಡದ ಚಹಾ ಕುಡಿದು, ಅಂಗಡಿ ತಡವಾಗಿ ತೆಗೆದ. ಎರಡನೆಯ ದಿನದಿಂದ ಜೋರಾಗಿ ಕೆಮ್ಮಿ ಬರತೊಡಗಿದ.

ಡ್ರೈವರ್ ಊಟವನ್ನು ನುಂಗುವವಳ ಹಾಗೆ ಮಾಡುತ್ತಿದ್ದಳು. ಯಾವ ಹೊತ್ತಿಗೆ ಫೋನು ಬರುತ್ತದೋ ತಿಳಿಯದ ಕೆಲಸ. ‘ಯಾರೂ ಕಿತ್ಕೊಳ್ಳಲ್ಲ ನಿಧಾನಕ್ಕೆ ತಿನ್ನು, ಮುದುಕಿನೇ ನಿನಗಿಂತ ಮೇಲು’ ಎಂದು ಅಜ್ಜಿ ಗೊಣಗುತ್ತಿದ್ದಳು. ಒಂದು ದಿನ ಚರಂಡಿಗೆ ಹಸು ಬಿದ್ದಿದೆ ಎಂದು ಅರ್ಧ ಊಟಕ್ಕೆ ಎದ್ದು ಹೋದಳು. ಅಮ್ಮ ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ಯಾರಾದರೂ ನೋಡಿದರೋ ಎಂಬಂತೆ ಸುತ್ತ ನೋಡಿದಳು.

ಅಪ್ಪ ಅವಳನ್ನು ನೇರವಾಗಿ ಮಾತಾಡಿಸಲಿಲ್ಲ. ಹೇಳಬೇಕಾದದ್ದನ್ನು ನಾಯಿಗೆ ಹೇಳುತ್ತಿದ್ದ.

‘ಮುದುಕಿ, ನೀಲಿ ಬಕೆಟ್ಟು ಗಿರಾಕಿ ಬಟ್ಟೇದು. ಸ್ನಾನಕ್ಕೆ ಕೆಂಪು ಬಕೆಟ್ಟು ತಗೋಬೇಕು.’

‘ಮುದುಕಿ, ಗೊತ್ತಾಯ್ತು ಅಂತ ಯ‌ಜಮಾನ್ರಿಗೆ ಹೇಳು,’ ಎಂದಳು ಡ್ರೈವರ್.

ಅಡುಗೆಮನೆಯಲ್ಲಿ ಅಮ್ಮ ನಕ್ಕ ಸದ್ದು ಕೇಳಿಸಿತು. ಎರಡು ವರ್ಷದಲ್ಲಿ ಆ ವಿಷಯಕ್ಕೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಅಪ್ಪನೂ ನಗುತ್ತಿದ್ದನೇನೋ. ಆದರೆ ಅಷ್ಟರಲ್ಲಿ ಮೂಲೆಮನೆಯ ಟೀಚರ್ ಸೀರೆಗಂಟು ಹಿಡಿದು ಬಂದರು. ಸುತ್ತಿಟ್ಟ ಹಾಸಿಗೆಗಳನ್ನು ನೋಡಿ, ‘ಮನೆಗೆ ನೆಂಟರು ಬಂದ ಹಾಗಿದೆ?’ ಎಂದರು.

‘ಹೂಂ,’ ಎಂದ ಅಪ್ಪ. ‘ನಾಯಿ ಕಡೆಯವರು.’

ಟೀಚರ್ ನಕ್ಕರು. ಡ್ರೈವರ್ ಕೆಂಪು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಮಗಳು ಇಸ್ತ್ರಿಯನ್ನು ಮುಂದಕ್ಕೆ ದೂಡಿದಳು, ಹಿಂದಕ್ಕೆ ಎಳೆದಳು. ಟೀಚರ್ ಬೀದಿ ದಾಟುವವರೆಗೆ ಕಾದಳು.

‘ನಾಯಿ ಕಡೆಯವರಾ?’

‘ತಮಾಷೆಗೆ ಅಂದೆ.’

‘ಅವಳು ಒಳಗೆ ಹೋಗಿದ್ದು ನೋಡಿದ್ರಾ? ತಮಾಷೆಗೆ ಹೋದ್ಲಾ?’

‘ಮತ್ತೆ ಏನಂತ ಹೇಳ್ಬೇಕಿತ್ತು? ನೀನೇ ಒಂದು ಪದ ಕೊಡು, ಹೇಳ್ತೀನಿ.’

‘ಸೊಸೆ ಅನ್ನಿ.’

‘ಸೊಸೆ ಅನ್ನೋಕೆ ಮಗ ಇರ್ಬೇಕು.’

‘ಹಾಗಾದ್ರೆ ಅಳಿಯ ಅನ್ನಿ.’

‘ಅಳಿಯ ಬೇಡಪ್ಪ,’ ಎಂದಳು ಅಜ್ಜಿ ಮಂಚದಿಂದಲೇ. ‘ಅಳಿಯ ಅಂದ್ರೆ ಮೊದಲು ಅವನಿಗೇ ಬಡಿಸ್ಬೇಕು. ಇವಳು ತಿನ್ನೋ ಸ್ಪೀಡಿಗೆ ನಮಗೆ ಪಾತ್ರೆ ತಳವೇ ಗತಿ.’

ಯಾರೂ ನಗಲಿಲ್ಲ. ಅಪ್ಪ ಚೀಟಿ ಹರಿದು ಟೀಚರ್ ಗಂಟಿಗೆ ಕಟ್ಟಿದ. ‘ಪದ ಇಲ್ಲದ್ದಕ್ಕೆ ನನ್ನನ್ನ ಬೈದ್ರೆ ಏನು ಬಂತು,’ ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಪ್ರದರ್ಶನದ ಮೊದಲ ದಿನ ಸ್ವಲ್ಪ ಜನ ಬಂದರು. ಚಪ್ಪಲಿ ಕಳಚಿ, ಮಂಡಿಯೂರಿ, ನಾಚಿಕೊಂಡು ನಗುತ್ತ ಬಟ್ಟೆಯ ಚಾವಣಿಯ ಕೆಳಗೆ ನುಸುಳಿದರು. ಹೊರಗೆ ಬಂದವರ ಅಂಗಿಯ ಮೇಲೆ ನಾಯಿಕೂದಲಿತ್ತು. ಕನ್ನಡಕದ ಒಬ್ಬ ಹುಬ್ಬು ಗಂಟಿಕ್ಕಿ, ‘ಒಂದು ಕಡೆ ಮೈ ವಾಸನೆ, ನಾಯಿ ವಾಸನೆ ಬರುತ್ತೆ, ಸರಿ. ಅರ್ಧಕ್ಕಿಂತ ಹೆಚ್ಚು ಲಾಂಡ್ರಿ ವಾಸನೆ ಯಾಕೆ? ಅದರ ಅರ್ಥ ಏನು?’ ಎಂದ.

‘ಅದು ನಮ್ಮಮ್ಮ,’ ಎಂದಳು ಮಗಳು.

ಅವನು ಅದನ್ನು ಗಂಭೀರವಾಗಿ ತಲೆದೂಗಿ ಒಪ್ಪಿಕೊಂಡ. ಅವಳಿಗೆ ಅಳು ಬಂದಂತಾಯಿತು.

ಮುದುಕಿಯನ್ನು ಒಳಗೆ ಬಿಟ್ಟಾಗ ಅದು ಮೂಸುತ್ತ ಹೋಯಿತು. ಡ್ರೈವರ್ ಅಂಗಿಗಳ ರಜಾಯಿಯ ಮೇಲೆ ಒಂದು ಸುತ್ತು ಸುತ್ತಿ ಕೂರುವ ಹಾಗೆ ಮಾಡಿತು. ಪಕ್ಕದಲ್ಲೇ ಪ್ರಾಣಿಗಳ ಕಂಬಳಿಗಳು ಶುರುವಾಗುತ್ತಿದ್ದವು. ಅಲ್ಲಿಗೆ ಮೂತಿ ಚಾಚಿ ಒಮ್ಮೆ ಸೀನಿ, ಎದ್ದು ಹೊರಗೆ ಬಂದುಬಿಟ್ಟಿತು. ಮತ್ತೆ ಒಳಗೆ ಹೋಗಲಿಲ್ಲ.

ಅಪ್ಪ ಬರಲಿಲ್ಲ, ಅಂಗಡಿ ಎಂದ. ಅಮ್ಮ ಮಧ್ಯಾಹ್ನ ಊಟದ ಡಬ್ಬಿ ತಂದಳು. ಇಬ್ಬರಿಗೂ ಸೇರಿಸಿಯೇ ತಂದಿದ್ದಳು. ಮಂಡಿ ನೋವಿನವಳು ಬಾಗಿಲಲ್ಲೇ ಕೂರುತ್ತಾಳೆಂದುಕೊಂಡರೆ, ಡಬ್ಬಿ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಬಗ್ಗಿ ಒಳಗೆ ಹೊರಟೇಬಿಟ್ಟಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಡ್ರೈವರ್ ಕೈ ಕೊಟ್ಟು ಎಬ್ಬಿಸಿದಳು. ಅಮ್ಮ ಆ ಕೈಯನ್ನು ಹಿಡಿದೇ ಇದ್ದಳು.

‘ಆ ಬೂದು ಕಂಬಳಿ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಾಯ್ತು,’ ಎಂದಳು. ‘ಅಷ್ಟಗಲ ಜಾಗದಲ್ಲಿ ಯಾರೂ ಇಲ್ಲ.’

ಡಬ್ಬಿ ಬಿಚ್ಚಿದರು. ಅವತ್ತು ಡ್ರೈವರ್ ನಿಧಾನವಾಗಿ ಉಂಡಳು.

ಪ್ರದರ್ಶನ ಮುಗಿಯುವ ಹೊತ್ತಿಗೆ ಡ್ರೈವರ್ ಕೋಣೆಯೂ ಹೋಗಿತ್ತು. ಅವಳ ಸಾಮಾನು ಎರಡು ಪೆಟ್ಟಿಗೆಯಾಗಿ ಆಂಬುಲೆನ್ಸಿನ ಹಿಂಭಾಗದಲ್ಲಿತ್ತು. ಹಾಸಿಗೆಗಳನ್ನು ವಾಪಸ್ಸು ತಂದ ಸಂಜೆ ಐದು ಜನವೂ ಊಟಕ್ಕೆ ಕೂತರು.

‘ಈಗ ಹೇಳಿ ಅಪ್ಪ,’ ಎಂದಳು ಮಗಳು.

‘ಏನು?’

‘ಏನು ಅಂತ ನಿಮಗೆ ಗೊತ್ತು.’

‘ಊಟ ಮಾಡು ಮೊದಲು. ನಾನೇನು ಅವಳನ್ನ ಹೋಗು ಅಂದ್ನಾ?’

‘ಇರು ಅಂದ್ರಾ?’

‘ಇಷ್ಟು ದಿನ ಇದ್ದಳಲ್ಲ. ಎಲ್ಲಾ ಬಾಯಿಬಿಟ್ಟೇ ಹೇಳ್ಬೇಕಾ?’

‘ಹೇಳ್ಬೇಕು. ಇದೊಂದನ್ನ ಹೇಳಲೇಬೇಕು.’

‘ಹಿಂದಿನ ಕೋಣೆ ಗುಡಿಸಿದ್ದೀನಿ,’ ಎಂದಳು ಅಮ್ಮ ಮೆಲ್ಲಗೆ. ‘ಮೆಷಿನ್ನು ಗುಜರಿಗೆ ಹೋಯ್ತು.’ ಹೇಳಿ ಗಂಡನ ಮುಖ ನೋಡಿದಳು. ಅವನು ಅನ್ನವನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತಿದ್ದ.

‘ನನ್ನ ಮಗ ಬಟ್ಟೆಗಷ್ಟೇ ಅಲ್ಲ, ನಾಲಿಗೆಗೂ ಗಂಜಿ ಹಾಕ್ತಾನೆ,’ ಎಂದಳು ಅಜ್ಜಿ.

ಡ್ರೈವರ್ ತಟ್ಟೆ ಎತ್ತಿಕೊಂಡು ಎದ್ದಳು. ತೊಳೆದಿಟ್ಟು ಬಂದು, ‘ನಾನು ಹೊರಡ್ತೀನಿ ಆಂಟಿ. ಆಸ್ಪತ್ರೆ ಹತ್ರ ಮೇವಿನ ಕೋಣೆ ಇದೆ, ಬೇರೆ ಸಿಗೋ ತನಕ ಇರ್ಬಹುದು ಅಂದಿದ್ದಾರೆ’ ಎಂದಳು.

‘ಹೋಗು ಅಂತ ಯಾರು ಹೇಳಿದ್ರಮ್ಮ?’ ಎಂದಳು ಅಮ್ಮ.

‘ಯಾರೂ ಹೇಳಿಲ್ಲ. ಮುದುಕಿಗೆ ಅಷ್ಟು ಸಾಕು, ಯಾರೂ ಓಡಿಸಲಿಲ್ಲ ಅಂದ್ರೆ ಅವಳು ಇದ್ದುಬಿಡ್ತಾಳೆ. ನನಗೆ ಹಾಗೆ ಬರಲ್ಲ ಆಂಟಿ. ನನಗೆ ಒಬ್ಬರು ಹೇಳ್ಬೇಕು.’

ಮಗಳು ತನ್ನ ಚೀಲ ತಂದಳು, ಗೂಟದಿಂದ ಹಗ್ಗ ತೆಗೆದು ನಾಯಿಯ ಕುತ್ತಿಗೆಗೆ ಕಟ್ಟಿದಳು. ಆಗ ಅಪ್ಪ ತಲೆಯೆತ್ತಿದ.

‘ಮುದುಕಿ ಇಲ್ಲೇ ಇರ್ಲಿ. ಕಣ್ಣಿಲ್ಲದ ಜೀವ. ಈ ಮನೆ ಅದಕ್ಕೆ ಅಭ್ಯಾಸ ಆಗಿದೆ.’

ಮಗಳು ನಿಂತಳು. ‘ನೋಡಿದ್ರಾ, ಎಷ್ಟು ಸಲೀಸಾಗಿ ಬಂತು. ಇರ್ಲಿ. ಅದೇ ಮಾತು ಅಪ್ಪ. ಇನ್ನೊಂದು ಸಲ.’

ಎಲ್ಲರೂ ಕಾದರು. ಅಮ್ಮನ ಕೈ ತುತ್ತಿನ ಮೇಲೆ ಹಾಗೇ ಇತ್ತು. ಅಪ್ಪ ಡ್ರೈವರ್ ಕಡೆ ನೋಡಿದ. ಬಹುಶಃ ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು.

‘ಅನ್ನ ಆರ್ತಿದೆ,’ ಎಂದ.

ಡ್ರೈವರ್ ಬಗ್ಗಿ ನಾಯಿಯ ಕುತ್ತಿಗೆಯಿಂದ ಹಗ್ಗ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಳು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಮಗಳು ಇಸ್ತ್ರಿ ಬಿಡಲಿಲ್ಲ. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಬರುತ್ತಿದ್ದಳು, ಸಂಜೆ ದೀಪ ಹಾಕುವ ಮೊದಲು ಹೋಗುತ್ತಿದ್ದಳು. ಊಟದ ಡಬ್ಬಿಯನ್ನು ಇಸ್ತ್ರಿ ಮೇಜಿನ ಮೂಲೆಯಲ್ಲೇ ಬಿಚ್ಚುತ್ತಿದ್ದಳು, ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ‘ಒಳಗೆ ಬಂದು ಕೂತ್ಕೋ’ ಎಂದು ಅಮ್ಮ ಕರೆದರೆ, ‘ಇರ್ಲಿ, ಕೆಲಸದ ಮಧ್ಯೆ’ ಎನ್ನುತ್ತಿದ್ದಳು. ಮಾತೆಲ್ಲ ಬಟ್ಟೆಯದೇ. ಇದಕ್ಕೆ ಗಂಜಿ ಹಾಕಬೇಕಾ, ಆ ಗಂಟು ಯಾವಾಗ ಬೇಕಂತೆ. ಹಿಂದಿನ ಕೋಣೆ ಗುಡಿಸಿದ್ದು ಗುಡಿಸಿದ ಹಾಗೇ ಇತ್ತು. ಅಜ್ಜಿ ಮಾತ್ರ ದಿನಕ್ಕೊಮ್ಮೆ, ‘ಆ ಹೆಬ್ಬಾವು ಊಟ ಸರಿಯಾಗಿ ಮಾಡ್ತಿದೆಯಾ?’ ಎಂದು ಡ್ರೈವರ್ ಬಗ್ಗೆ ಕೇಳುತ್ತಿದ್ದಳು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಹೆಲ್ಮೆಟ್ ಹಿಡಿದುಕೊಂಡು ಒಬ್ಬ ಬಂದ. ಮಗಳು ಬಟ್ಟೆ ತಲುಪಿಸಲು ಹೋಗಿದ್ದಳು.

‘ಇಲ್ಲಿಯ ಯಜಮಾನ್ರು ನೀವೇನಾ? ನಂದು ಸೈಕಲ್ ಅಂಗಡಿ. ಮಹಡಿ ಮೇಲೆ ಒಂದು ಮನೆ ಇದೆ. ನಿಮ್ಮ ಮಗಳು ಕೇಳ್ಕೊಂಡು ಬಂದಿದ್ಲು, ಜೊತೆಗೆ ಇನ್ನೊಬ್ಬಳು. ಮನೆಯವರ ವಿಳಾಸ ಕೊಡಿ ಅಂದೆ, ಇದನ್ನ ಕೊಟ್ಲು.’

‘ಹೂಂ.’

‘ಮಗಳ ವಿಷಯ ಸರಿ. ಆ ಇನ್ನೊಬ್ಬಳು ಯಾರು? ತಪ್ಪು ತಿಳೀಬೇಡಿ. ಹಿಂದೆ ಇದ್ದವರು ಯಾರ್ಯಾರನ್ನೋ ತಂದಿಟ್ಟುಕೊಂಡು ತಲೆನೋವು ಮಾಡಿದ್ರು. ಗೊತ್ತಿರೋರು ಅಂದ್ರೆ ಇವತ್ತೇ ಬೀಗದ ಕೈ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ.’

ಅಮ್ಮ ಹಿಂಡಿದ ಹಾಸುಬಟ್ಟೆಯೊಂದನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆಗೆ ಹೊರಟಿದ್ದವಳು ಬಾಗಿಲಲ್ಲೇ ನಿಂತಳು.

ಅಪ್ಪ ಗಲ್ಲಾದ ಮೇಲೆ ಬಿದ್ದಿದ್ದ ದಾರವನ್ನು ಎತ್ತಿ ಬೆರಳಿಗೆ ಸುತ್ತಿದ, ಬಿಚ್ಚಿದ. ‘ಗೊತ್ತು’ ಎಂದ.

‘ನಿಮಗೆ ಏನಾಗ್ಬೇಕು?’

‘ನಮ್ಮವಳೇ.’

‘ಸಂಬಂಧಾನಾ?’

‘ನನ್ನ ಮಗಳೂ ಅವಳೂ ಜೊತೆಗೆ ಬದುಕೋರು. ಇಬ್ಬರೂ ನಮ್ಮ ಮನೆಯವರೇ. ಪ್ರಾಣಿಗಳ ಆಂಬುಲೆನ್ಸ್ ಓಡಿಸ್ತಾಳೆ, ಒಳ್ಳೇ ಹುಡುಗಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನನ್ನ ಬಂದು ಕೇಳಿ.’ ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ, ದಾರವನ್ನು ನೋಡುತ್ತ ಹೇಳಿದ.

ಸೈಕಲ್ ಅಂಗಡಿಯವನಿಗೆ ಅಷ್ಟು ಸಾಕಾಗಿತ್ತು. ‘ನೀವಿಷ್ಟು ಹೇಳಿದ ಮೇಲೆ ಮುಗೀತು’ ಎಂದು ಹೆಲ್ಮೆಟ್ ಹಾಕಿಕೊಂಡ. ಹಾಕಿಕೊಂಡವನು ಮತ್ತೆ ತೆಗೆದು, ‘ಅಲ್ಲ, ನಿಮ್ಮ ಮನೆಯವರೇ ಅಂದ್ಮೇಲೆ ಇಲ್ಲೇ ಇರ್ಬಹುದಿತ್ತಲ್ಲ?’ ಎಂದ.

‘ಇಲ್ಲಿ,’ ಎಂದು ಅಪ್ಪ ಒಮ್ಮೆ ಒಳಗೆ ನೋಡಿದ. ‘ಇಲ್ಲಿ ಜಾಗ ಸಾಲದು.’

ಅವನು ಹೋದ. ಅಮ್ಮ ನಿಂತಲ್ಲಿಂದ ಕದಲಲಿಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಮಗಳು ಬರುವಾಗ ಅವಳ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. ಕೈಯಲ್ಲಿ ಫೋನು ಹಿಡಿದೇ ಇದ್ದಳು. ‘ಮನೆ ಸಿಕ್ತು. ಮಾಲೀಕ ಈಗ ಫೋನ್ ಮಾಡಿದ್ದ, ನಾಳೇನೇ ಬನ್ನಿ ಅಂತ. ನಿಮ್ಮಪ್ಪ ಚೆನ್ನಾಗಿ ಹೇಳಿದ್ರು ಅಂದ. ಏನು ಹೇಳಿದ್ರಿ ಅಪ್ಪ?’

‘ಏನಿಲ್ಲ. ಕೇಳಿದ, ಹೇಳಿದೆ.’

‘ಏನಂತ?’

ಅಮ್ಮ ಗಂಡನ ಬಾಯಿಯನ್ನೇ ನೋಡುತ್ತಿದ್ದಳು.

‘ಬಾಡಿಗೆ ಸರಿಯಾಗಿ ಕೊಡ್ತಾರೆ ಅಂತ.’

‘ಅಷ್ಟೇನಾ?’

‘ಅಷ್ಟೇ.’

ಮಗಳ ಮುಖದ ಗೆಲುವು ಹಾಗೇ ಇಳಿಯಿತು. ಅವಳು ಇಸ್ತ್ರಿಯ ಸ್ವಿಚ್ಚು ಹಾಕಿ, ಕಾಯುವವರೆಗೆ ಗೋಡೆ ನೋಡುತ್ತ ನಿಂತಳು. ಅಮ್ಮ ಹೆಗಲ ಮೇಲಿದ್ದ ಹಾಸುಬಟ್ಟೆಯನ್ನು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಮತ್ತೆ ಹಿಂಡತೊಡಗಿದಳು. ಅದರಲ್ಲಿ ಒಂದು ಹನಿ ನೀರೂ ಉಳಿದಿರಲಿಲ್ಲ.